ಲಾತುಲಿಪ್ ಮನೆಯವರ ಕಲ್ಲು

ಬಕೆಟ್ಟು ಮತ್ತೆ ಇಳಿಯಿತು, ಹಗ್ಗ ಗುಂಡಿಯ ಅಂಚಿಗೆ ಉಜ್ಜಿ ಉಜ್ಜಿ ಮಣ್ಣಿನಲ್ಲಿ ಕೊರಕಲು ಬಿದ್ದಿದೆ, ಮೇಲೆ ಬಂದ ನೀರು ಹಾಲು ಹಾಕದ ಚಹಾದ ಬಣ್ಣ, ಅದನ್ನು ಪಕ್ಕದ ಹಿಮದ ದಿಬ್ಬದ ಮೇಲೆ ಚೆಲ್ಲಿದರು, ಹಿಮ ಅಲ್ಲೆಲ್ಲ ಕುಸಿದು ಕಪ್ಪಾಯಿತು, ಮತ್ತೆ ಬಕೆಟ್ಟು ಇಳಿಯಿತು — ಬೆಳಗಿನಿಂದ ಎತ್ತುತ್ತಿದ್ದಾರೆ ಈ ಇಬ್ಬರು, ನೀರು ಮಾತ್ರ ಇದ್ದಲ್ಲೇ ಇದೆ, ಎತ್ತಿದಷ್ಟೂ ಬದಿಗಳಿಂದ ಜಿನುಗುತ್ತದೆ, ಮೇ ತಿಂಗಳೆಂದರೆ ಹೀಗೇ, ಮೇಲೆ ಬಿಸಿಲು, ಒಂದು ಗುದ್ದಲಿ ಆಳದಲ್ಲಿ ಅಲ್ಲಲ್ಲಿ ಇನ್ನೂ ಗಡ್ಡೆ ಕಟ್ಟಿದ ನೆಲ, ಕರಗಿದ ನೀರಿಗೆ ಹೋಗಲು ದಾರಿಯಿಲ್ಲ, ಎಲ್ಲಿ ಗುಂಡಿ ಇದೆಯೋ ಅಲ್ಲಿಗೆ ಬರುತ್ತದೆ. ಮದಾಮ್, ಸ್ವಲ್ಪ ಹಿಂದಕ್ಕೆ ನಿಂತ್ಕೊಳ್ಳಿ, ಅಂಚು ಕುಸೀತದೆ, ಎಂದ ಇಬ್ಬರಲ್ಲಿ ದಪ್ಪಗಿರುವವನು, ರೆಜಾನ್ ಕೇಳಿಸಿದರೂ ಕೇಳಿಸದವಳಂತೆ ನಿಂತಳು, ಕುಸಿದರೆ ಕುಸಿಯಲಿ, ಎಂಬತ್ತು ಹತ್ತಿರ ಬಂತು, ಪಕ್ಕದ ಜಾಗ ಹೇಗೂ ತನ್ನದೇ, ಒಂದೇ ಸಲಕ್ಕೆ ಕೆಲಸ ಮುಗಿದೀತು. ಅಲ್ಲಿ, ಸ್ಮಶಾನದ ಬೇಲಿಯ ಪಕ್ಕದ ಕಲ್ಲಿನ ಕೋಣೆಯಲ್ಲಿ, ಕಬ್ಬಿಣದ ಬಾಗಿಲ ಹಿಂದೆ ಅವಳ ಗಂಡ ಅದೆಲಾರ್ ಇದ್ದಾನೆ, ಜನವರಿಯಿಂದ ಇದ್ದಾನೆ, ಚಳಿಗಾಲದಲ್ಲಿ ಸತ್ತವರನ್ನೆಲ್ಲ ನೆಲ ಕರಗುವವರೆಗೆ ಅಲ್ಲೇ ಸಾಲಾಗಿ ಇಡುವುದು, ಅವನ ಎಡಕ್ಕೆ ಬೇಕರಿಯ ಮುದುಕಿ, ಬಲಕ್ಕೆ ಆ ಹಳೇ ಅಂಚೆಯವನು, ಅದೆಲಾರ್ ಅಂದರೆ ಬದುಕಿದ್ದಾಗ ಬ್ಯಾಂಕಿನ ಸಾಲಿನಲ್ಲಿ ಎರಡು ನಿಮಿಷ ನಿಲ್ಲಲಾರದೆ ಈ ಕಡೆಯ ರೂಢಿಯಂತೆ ಚರ್ಚಿನ ಪಾತ್ರೆ ಪೀಠಗಳ ಹೆಸರನ್ನೆಲ್ಲ ಬೈಗುಳ ಮಾಡಿ ಕೂಗುತ್ತಿದ್ದ ಮನುಷ್ಯ, ನಾಲ್ಕು ತಿಂಗಳು ಸರದಿ ಕಾದಿದ್ದಾನೆ. ಇವತ್ತು ಅವನ ದಿನ. ಪಾದ್ರಿ ಬರುವಷ್ಟರಲ್ಲಿ ನೀರು ಖಾಲಿಯಾಗಬೇಕು, ರೆಯಾಲ್ ಬರಬೇಕು, ಒಬ್ಬನೇ ಮಗ, ಅಪ್ಪನನ್ನು ಇಳಿಸುವಾಗ ಮಗನಿಲ್ಲದಿದ್ದರೆ ಊರು ಏನಂದೀತು, ಊರು ಹಾಳಾಗಲಿ, ತನಗೇ ಹೇಗಾದೀತು — ಅವನು ಬರುವುದು ಬಿಡುವುದು ಈ ಗೋರಿಯ ಕಲ್ಲಿನ ಮೇಲೆ ನಿಂತಿದೆ, ಕಲ್ಲಿನ ಮೇಲೆ ಏನು ಕೆತ್ತುವುದು ಎಂಬುದು ತನ್ನ ಬಾಯಿಯ ಮೇಲೆ ನಿಂತಿದೆ, ಬಾಯಿಯೋ, ಗಂಡನಿಗೆ ಕೊಟ್ಟ ಮಾತಿನಿಂದ ಹೊಲಿದು ಕೂತಿದೆ.

ಕಲ್ಲಿನ ಪಕ್ಕದಲ್ಲಿ ಕ್ಲೆಮಾಂ, ಕಲ್ಲು ಕೆತ್ತುವವನು, ಸೀಮೆಸುಣ್ಣ ಕಿವಿಗೆ ಸಿಕ್ಕಿಸಿಕೊಂಡು ಮೊಣಕಾಲ ಮೇಲೆ ಕೂತಿದ್ದಾನೆ, ಕಲ್ಲನ್ನು ನೋಡುತ್ತಾನೆ, ಇವಳನ್ನು ನೋಡುತ್ತಾನೆ, ಮದಾಮ್ ರೆಜಾನ್, ನಾನು ಅವಸರ ಮಾಡ್ತಿಲ್ಲ, ಆದ್ರೆ ಕೆತ್ತೋ ಮೆಷಿನ್ನು ಗಾಡೀಲಿದೆ, ಇವತ್ತು ಬಿಟ್ರೆ ನಾನು ಈ ಕಡೆ ಬರೋದು ಇನ್ನು ಬೇಸಿಗೆ ಕಳೆದ ಮೇಲೇ. ಸಾಧು ಮನುಷ್ಯ, ಅವನ ತಪ್ಪೇನಿಲ್ಲ, ಉಜ್ಜು ಅಂದರು ಉಜ್ಜಿದ. ಇಪ್ಪತ್ತೈದು ವರ್ಷದ ಹಿಂದೆ ಈ ಕಲ್ಲು ನಿಲ್ಲಿಸಿದಾಗ ಇಬ್ಬರೂ ಬಂದು ನೋಡಿದ್ದರು, ಈ ಕಡೆಯ ಮರ್ಯಾದಸ್ಥರೆಲ್ಲ ಬದುಕಿದ್ದಾಗಲೇ ಕಲ್ಲು ಹಾಕಿಸುತ್ತಾರೆ, ಹೆಸರು, ಹುಟ್ಟಿದ ವರ್ಷ, ಒಂದು ಗೀಟು, ಗೀಟಿನ ಆಚೆ ಖಾಲಿ, ಸತ್ತ ಮೇಲೆ ಆ ಖಾಲಿ ತುಂಬಿಸುವುದಷ್ಟೇ ಬಾಕಿ, ಅದೆಲಾರ್ ಲಾತುಲಿಪ್ ಅಂತ ಮೇಲೆ, ಅವನ ಹೆಂಡತಿ ರೆಜಾನ್ ಕೊಸೆತ್ ಅಂತ ಕೆಳಗೆ, ಭಾನುವಾರ ಪೂಜೆ ಮುಗಿಸಿ ಬಂದು ತಮ್ಮ ಕಲ್ಲಿನ ಮುಂದೆ ತಾವೇ ನಿಂತು, ಚೆನ್ನಾಗಿದೆ ಅಲ್ವಾ ಅಂದುಕೊಂಡು, ಮನೆಗೆ ಹೋಗಿ ಬಟಾಣಿ ಸೂಪು ಕುಡಿದಿದ್ದರು. ಆಮೇಲೆ ಹೋದ ವರ್ಷ ಬೇಸಿಗೆಯಲ್ಲಿ ಒಂದು ದಿನ ಅವನು ಹಿಗ್ಗಿ ಹೀರೇಕಾಯಿಯಾಗಿ ಮನೆಗೆ ಬಂದ, ಸಿಕ್ಕಿದ ಕಣೆ, ನಮ್ಮ ಮೂಲದವನು ಸಿಕ್ಕೇಬಿಟ್ಟ, ನಾವು ಲಾತುಲಿಪ್ ಅಲ್ಲವೇ ಅಲ್ಲ, ನಮ್ಮದು ಮೋರಾಂ, ಮೋರಾಂ ಮನೆತನ, ಅಂದವನೇ ಊಟ ಕೂಡ ಮಾಡದೆ ಕ್ಲೆಮಾಂಗೆ ಫೋನು ಮಾಡಿದ, ಹಳೇ ಹೆಸರು ಉಜ್ಜಿಬಿಡು, ಹೊಸದು ಬರಕೊಡ್ತೀನಿ, ತಡಿಯೋ ಮುದುಕಪ್ಪ, ಒಂದು ವಾರ ತಡಿ ಅಂದಳು ರೆಜಾನ್, ಕೂಸು ಹುಟ್ಟೋ ಮುಂಚೆ ಕುಲಾವಿ ಯಾಕೆ ಅಂದಳು, ಕೇಳಿದರೆ ತಾನೆ, ಎರಡು ದಿನಕ್ಕೆ ಕಲ್ಲು ಉಜ್ಜಿ ಆಯಿತು, ಅದೆಲಾರ್ ಎಂಬುದರ ಮುಂದೆ ಒಂದು ಕೈ ಅಗಲದ ತಗ್ಗು, ನುಣ್ಣಗೆ ಬೋಗುಣಿಯ ಒಳಗಿನ ಹಾಗೆ, ಮೂರನೇ ವಾರಕ್ಕೆ ಗೊತ್ತಾಯಿತು, ಮೋರಾಂ ಕೂಡ ಸುಳ್ಳು. ಅಂದಿನಿಂದ ಕಲ್ಲು ಹೀಗೇ. ಊರ ಬಾಯಿಗೆ ಮುಚ್ಚಳ ಉಂಟೆ, ಹಲ್ಲು ಕಿತ್ತ ದವಡೆ ಅಂದರು, ಲಾತುಲಿಪ್ ಹೂವು ಮೊಗ್ಗಲ್ಲೇ ಉದುರಿತು ಅಂದರು, ಇವಳ ತಂಗಿಯೇ ಅಂದಳು, ನಿನ್ನ ಹೆಸರು ಮಾತ್ರ ಗಟ್ಟಿಯಾಗಿದೆ ಕಣೇ ಅಕ್ಕ, ಗಂಡ ಯಾರು ಅಂತಾನೇ ಗೊತ್ತಾಗಲ್ಲ. ಬಕೆಟ್ಟು ಮೇಲೆ ಬಂತು, ಚೆಲ್ಲಿದರು.

ಏನಾಗಿತ್ತು ಆ ಹೆಸರಿಗೆ, ಅನ್ನ ಹಾಕುತ್ತಿರಲಿಲ್ಲವೆ, ಕಾಗದದ ಗಿರಣಿಯಲ್ಲಿ ನಲವತ್ತು ವರ್ಷ ಅದೇ ಹೆಸರಿಗೆ ಸಂಬಳ ಬಂತಲ್ಲ, ಆದರೆ ಅವನಿಗೆ ಶಾಲೆಯಿಂದಲೇ ಅದು ಮುಳ್ಳು, ಕರಡಿಯ ಹಾಗೆ ಕೈತುಂಬ ಕೂದಲಿರುವ ಹುಡುಗ, ಹೆಸರು ನೋಡಿದರೆ ಟುಲಿಪ್ ಹೂವು, ಏ ಟುಲಿಪ್ಪಾ, ನೀರು ಹಾಕ್ಲೇನೋ, ಅಂತ ಸುತ್ತ ನಿಂತು ಒಂದಕ್ಕೆ ಹೊಯ್ದಿದ್ದರಂತೆ, ಮದುವೆಯಾದ ಹೊಸದರಲ್ಲಿ ಒಂದೇ ಒಂದು ಸಲ ಹೇಳಿದ, ಹೇಳಿ ದೀಪ ಆರಿಸಿದ. ಗಿರಣಿಯಿಂದ ನಿವೃತ್ತನಾದ ಮೇಲೆ ಕೈಗೆ ಕೆಲಸ ಬೇಕಿತ್ತಲ್ಲ, ಬೇರೆ ಗಂಡಸರು ಮೀನು ಹಿಡಿಯಲು ಹೋದರು, ಇವನು ಅಜ್ಜನನ್ನು ಹಿಡಿಯಲು ಹೊರಟ, ಚರ್ಚಿನ ಹಳೇ ಪುಸ್ತಕಗಳಲ್ಲಿ ಹಿಂದಕ್ಕೆ ಹಿಂದಕ್ಕೆ, ಗಂಡುಮಕ್ಕಳೆಲ್ಲ ಜೋಸೆಫರೇ, ಹೆಣ್ಣುಮಕ್ಕಳೆಲ್ಲ ಮರಿಯರೇ, ಒಂದೇ ಮನೆಯಲ್ಲಿ ಏಳು ಜೋಸೆಫರು, ಆ ಜೋಸೆಫರ ಕಾಡಿನೊಳಗೆ ದಾರಿ ಮಾಡಿಕೊಂಡು ಹೋಗಿ ಹೋಗಿ ಕೊನೆಗೆ ಒಬ್ಬ ಸಿಪಾಯಿಯ ಮುಂದೆ ನಿಂತ, ಫ್ರಾನ್ಸಿನ ರಾಜನ ಕಡೆಯಿಂದ ಹಡಗು ಹತ್ತಿ ಬಂದು ಇಂಗ್ಲಿಷರ ಮೇಲೆ ಕಾದಾಡಿ ಸೋತವನು. ಅವನ ಕಪ್ತಾನನಿಗೆ ಹೂವಿನ ಹುಚ್ಚು, ತುಕಡಿಯವರಿಗೆಲ್ಲ ಹೂವಿನ ಹೆಸರಿಟ್ಟ, ಒಬ್ಬ ಲಾರೋಜ್, ಗುಲಾಬಿ, ಒಬ್ಬ ಲಾವಿಯೊಲೆತ್, ಒಬ್ಬ ಲಾತುಲಿಪ್, ಕೂಗುವುದಕ್ಕೆ ಸುಲಭ, ಸತ್ತರೆ ಮರೆಯುವುದಕ್ಕೂ ಸುಲಭ, ಯುದ್ಧ ಮುಗಿದು ಸೈನ್ಯ ಹಡಗು ಹತ್ತಿ ವಾಪಸು ಹೋಯಿತು, ಈ ಹೂವು ಮಾತ್ರ ಬಾತಿಸ್ಕಾನ್ ನದಿಯ ದಂಡೆಯಲ್ಲಿ ಒಬ್ಬ ರೈತನ ಮಗಳನ್ನು ಕಟ್ಟಿಕೊಂಡು ಬೇರು ಬಿಟ್ಟಿತು, ಅದಕ್ಕೆ ಹನ್ನೊಂದು ಮಕ್ಕಳು. ಸರಿ, ಕಪ್ತಾನ ಇಟ್ಟದ್ದು ಲಾತುಲಿಪ್, ಅವನ ಅಪ್ಪ ಇಟ್ಟದ್ದು ಏನು — ನಾಯಿಗೆ ಇಟ್ಟ ಹಾಗೆ ಇಟ್ಟ ಹೆಸರು ಇದು ರೆಜಾನ್, ಇದರ ಕೆಳಗೆ ನಾನು ಮಲಗಲ್ಲ, ಅಂತ ಶುರುವಾಯಿತು. ತನ್ನ ಮದುವೆಯ ದಿನ ಪಾದ್ರಿಗೆ ಆ ಸಿಪಾಯಿ ಹೇಳಿದ್ದು ಎತಿಯೆನ್ ಮೋರಾಂ, ಊರು ಸಮುದ್ರದ ಕಡೆ, ಆಮೇಲೆ ಸಿಕ್ಕ ಇನ್ನೊಂದು ಪುಸ್ತಕದಲ್ಲಿ ನೋಡಿದರೆ, ಮದುವೆಗೆ ಮೂರು ವರ್ಷ ಮುಂಚೆ ಜ್ವರ ಬಂದು ಸನ್ಯಾಸಿನಿಯರ ಆಸ್ಪತ್ರೆಯಲ್ಲಿ ಮಲಗಿದಾಗ ಹೇಳಿದ್ದು ಜಾಕ್ ಬಾರ್ದೆ, ಊರು ಬೆಟ್ಟದ ಕಡೆ, ಅದೇ ಸಿಪಾಯಿ, ಅದೇ ಕಪ್ತಾನ, ಅದೇ ಲಾತುಲಿಪ್. ಆ ಬೇಸಿಗೆ ಮುಗಿಯುವುದರೊಳಗೆ ಅದೆಲಾರ್ ಅವಳನ್ನು ಫ್ರಾನ್ಸಿಗೂ ಕರೆದುಕೊಂಡು ಹೋದ, ಜೀವಮಾನದಲ್ಲಿ ಒಂದು ಸಲ ಪ್ಯಾರಿಸ್ ನೋಡಬೇಕು ಅಂತ ಅವಳ ಆಸೆ, ತೋರಿಸಿದ್ದು ಎರಡು ಹಳ್ಳಿಯ ಎರಡು ಸ್ಮಶಾನ, ಮಳೆಯಲ್ಲಿ ಕೊಡೆ ಹಿಡಿದು ಇವಳು, ಕಲ್ಲು ಕಲ್ಲಿಗೂ ಬಗ್ಗಿ ಬಗ್ಗಿ ಅವನು, ಎರಡೂ ಊರಲ್ಲಿ ತಲೆ ಅಲ್ಲಾಡಿಸಿದರು, ಅಂಥ ಮನೆತನ ಇಲ್ಲಿ ಯಾವತ್ತೂ ಇರ್ಲಿಲ್ಲ ಸ್ವಾಮಿ. ಹೋಟೆಲಿಗೆ ಬಂದು ಒದ್ದೆ ಕಾಲುಚೀಲ ಬಿಚ್ಚುತ್ತ ಅವನು ಅಂದ, ಬೇರೆ ಊರಿರಬೇಕು. ಪ್ರತಿ ಸಲವೂ ಅದೇ, ಬೇರೆ ಊರಿರಬೇಕು.

ಹಿಂದೆ ಸರೀರಿ ಮದಾಮ್, ಮತ್ತೆ ಅದೇ ದಪ್ಪನೆಯವನು, ಈ ಸಲ ಒಂದು ಹೆಜ್ಜೆ ಸರಿದಳು, ಬೂಟಿನ ಗುರುತಿನಲ್ಲೂ ಆಗಲೇ ನೀರು ತುಂಬಿತು. ರೆಯಾಲ್ ಹೋದ ಶರತ್ಕಾಲದಲ್ಲಿ ಬಂದಾಗ ಸೊಸೆ ಸೋಫಿ ತುಂಬು ಬಸುರಿ, ನಡೆಯಲಾರದೆ ನಡೆಯುತ್ತಿದ್ದಳು, ಅಜ್ಜ ಅಜ್ಜಿಯ ಕಲ್ಲು ತೋರಿಸ್ತೀನಿ ಬಾ ಅಂತ ಅವನೇ ಕರೆತಂದ, ತೋರಿಸಿ ಈ ಕಡೆ ತಿರುಗಿದರೆ ತನ್ನ ಅಪ್ಪನ ಕಲ್ಲು ಹೀಗೆ. ಮನೆಗೆ ಬಂದು ಕೋಟು ಕೂಡ ಬಿಚ್ಚಲಿಲ್ಲ, ಅಪ್ಪ, ನನ್ನ ಕೇಳ್ದೆ ಹೇಗೆ ಉಜ್ಜಿಸ್ದೆ, ನನ್ನ ಹೆಸರು ಕಣೋ ಉಜ್ಜಿಸಿದ್ದು ಅಂದ ಅಪ್ಪ, ನಿನ್ನದೊಂದೇನಾ, ನಂದಲ್ವಾ, ಹಾಕಿ ಆಡುವಾಗ ಬೆನ್ನ ಮೇಲೆ ಏನಂತ ಬರ್ಕೊಂಡು ಆಡ್ದೆ ನಾನು, ಜನ ಲಾತುಲಿಪ್ ಲಾತುಲಿಪ್ ಅಂತ ಕೂಗ್ತಿದ್ರು, ನೀನು ಹಿಂದಿನ ಬೆಂಚಲ್ಲಿ ಕೂತು ಅಳ್ತಿದ್ದೆ ನೆನಪಿದ್ಯಾ, ಅದು ನಾಯಿಗೆ ಇಡೋ ಹೆಸರು ಅಂದ ಅದೆಲಾರ್, ತಟ್ಟೆ ನೋಡುತ್ತ, ಮೆತ್ತಗೆ, ಜಗಳಕ್ಕಲ್ಲ, ತಿಳಿಹೇಳುವವನ ಹಾಗೆ, ಅದೇ ತಪ್ಪಾಯಿತು, ಹಾಗಾದ್ರೆ ನಾನು ನಾಯಿಮರಿ, ಇದೂ ಇನ್ನೊಂದು ಮರಿ, ಅಂತ ಸೋಫಿಯ ಹೊಟ್ಟೆ ತೋರಿಸಿ ರೆಯಾಲ್ ಎದ್ದ, ಮಾಂಸದ ಕಡುಬು ಮುಟ್ಟದೆ ಹಾಗೇ ಉಳಿಯಿತು, ಬಾಗಿಲಲ್ಲಿ ನಿಂತು ಇವಳಿಗೆ ಹೇಳಿದ, ಆ ಕಲ್ಲಿನ ಮುಂದೆ ನಾನು ಇನ್ನು ನಿಲ್ಲಲ್ಲ ಅಮ್ಮ. ನವೆಂಬರಿನಲ್ಲಿ ಮಗು ಹುಟ್ಟಿತು, ಹೆಣ್ಣು, ಜೂಲಿಯೆತ್, ಫೋನಿನಲ್ಲಿ ಒಂದು ಫೋಟೊ ಬಂತು, ಈಗಿನವರು ಜ್ಞಾನಸ್ನಾನ ಮಾಡಿಸುವುದಿಲ್ಲ, ಇಲ್ಲದಿದ್ದರೆ ಊರಿಗೆ ಬರುತ್ತಿದ್ದರು, ಪಾದ್ರಿ ಎಲ್ಲರ ಮುಂದೆ ಹೆಸರು ಕೂಗುತ್ತಿದ್ದರು, ಆಮೇಲೆ ಕೇಕು, ಅಪ್ಪ ಮಗ ಒಂದೇ ಮೇಜಿಗೆ ಕೂರಲೇಬೇಕಾಗುತ್ತಿತ್ತು. ಕ್ರಿಸ್‌ಮಸ್ಸಿನ ವಾರ ಅದೆಲಾರ್ ಆಸ್ಪತ್ರೆ ಸೇರಿದ, ರೆಯಾಲ್ ಒಂದು ಮಧ್ಯಾಹ್ನ ಬಂದಿದ್ದ, ಇವಳು ಮನೆಗೆ ಸ್ನಾನಕ್ಕೆ ಹೋಗಿದ್ದಾಗ, ವಾಪಸು ಬಂದಾಗ ಕುರ್ಚಿ ಖಾಲಿ, ಗಂಡ ಗೋಡೆಯ ಕಡೆ ತಿರುಗಿ ಮಲಗಿದ್ದ, ಮಗ ಬಂದಿದ್ನಾ, ಬಂದಿದ್ದ, ಏನಂದ, ಏನಿಲ್ಲ, ಅಷ್ಟೇ. ಆಮೇಲೆ ಕೈ ಹಿಡಿದುಕೊಂಡ, ಅವನ ದೊಡ್ಡ ಕೈ ಆಗಲೇ ಹಗುರವಾಗಿತ್ತು, ರೆಜಾನ್, ಆ ಕಲ್ಲಿನ ಮೇಲೆ ಲಾತುಲಿಪ್ ಅಂತ ಮಾತ್ರ ಹಾಕಿಸ್ಬೇಡ, ನಿಜವಾದ್ದು ಸಿಕ್ರೆ ಹಾಕ್ಸು, ಸಿಗ್ದಿದ್ರೆ ಹಾಗೇ ಬಿಡು, ಮಾತು ಕೊಡು. ಕೊಟ್ಟಳು. ಸಾಯುವವನು ಕೇಳಿದರೆ ಯಾರು ತಾನೆ ಕೊಡುವುದಿಲ್ಲ.

ಕೊಟ್ಟ ತಪ್ಪಿಗೆ ಚಳಿಗಾಲವೆಲ್ಲ ತಾನೂ ಹುಡುಕಿದಳು, ಇಷ್ಟು ವರ್ಷ ಆಡಿಕೊಂಡವಳು, ಅವನ ಕುರ್ಚಿಯಲ್ಲೇ ಕೂತು, ಅವನ ಕನ್ನಡಕವನ್ನೇ ಹಾಕಿಕೊಂಡು, ಗಂಡನನ್ನು ಕೋಣೆಯಲ್ಲಿ ಕಾಯಲು ಇಟ್ಟು ಗಂಡನ ಮುತ್ತಜ್ಜನ ಮುತ್ತಜ್ಜನನ್ನು ಹುಡುಕಿದಳು, ಮೇ ತಿಂಗಳೊಳಗೆ ಸಿಕ್ಕಿದರೆ ಒಂದೇ ಏಟಿಗೆ ಎರಡೂ ಸರಿಹೋಗುತ್ತದೆ, ಕಲ್ಲಿಗೆ ನಿಜವಾದ ಹೆಸರು, ಮಗನಿಗೂ ಹೇಳಬಹುದು ನೋಡಪ್ಪ ಇದು ನಿನ್ನದೂ ಹೌದು ಅಂತ. ಹೊಳೆಯಲ್ಲಿ ಹುಣಿಸೇಹಣ್ಣು ಕಿವುಚಿದ ಹಾಗಾಯಿತು. ಮಾರ್ಚಿನ ಒಂದು ಬೆಳಿಗ್ಗೆ ಆಲೂಗಡ್ಡೆ ಹೆರೆಯುತ್ತ ಕೂತಾಗ ತಾನೇ ತಾನಾಗಿ ತಿಳಿಯಿತು, ಯಾರೂ ಹೇಳಿದ್ದಲ್ಲ, ಎಲ್ಲೂ ಓದಿದ್ದಲ್ಲ, ಚಾಕು ಹಾಗೇ ನಿಂತಿತು — ಊರು ತಪ್ಪಿ ಹೇಳಿದವನಲ್ಲ ಆ ಸಿಪಾಯಿ, ಸುಳ್ಳು ಹೇಳಿದವನು, ಬೇಕೆಂದೇ, ಒಂದು ಸಲವಲ್ಲ ಎರಡು ಸಲ, ಜ್ವರದಲ್ಲಿ ಬೇಯುತ್ತಿರುವಾಗಲೂ ಎಚ್ಚರ ತಪ್ಪದೆ. ಯಾಕೆ, ಅಲ್ಲೊಬ್ಬಳು ಹೆಂಡತಿ ಇದ್ದಳೇನೋ, ಯಾರನ್ನಾದರೂ ಇರಿದು ಬಂದಿದ್ದನೇನೋ, ಅಥವಾ ಸುಮ್ಮನೆ ಅಪ್ಪ ಹೊಡೆಯುತ್ತಿದ್ದನೋ, ಏನಾದರೂ ಇರಲಿ, ಅವನು ಹಡಗು ಹತ್ತಿದ್ದೇ ಯಾರಿಗೂ ಸಿಗಬಾರದು ಅಂತ, ಕಪ್ತಾನ ಹೂವಿನ ಹೆಸರಿಟ್ಟಾಗ ಒಳಗೊಳಗೇ ನಕ್ಕಿರಬೇಕು, ಇದಕ್ಕಿಂತ ಒಳ್ಳೆಯ ಕಂಬಳಿ ಎಲ್ಲಿ ಸಿಕ್ಕೀತು ಮುಸುಕು ಹಾಕಿಕೊಳ್ಳಲು, ಹೆಂಡತಿಗೂ ಹೇಳಲಿಲ್ಲ, ಹನ್ನೊಂದು ಮಕ್ಕಳಲ್ಲಿ ಒಂದಕ್ಕೂ ಹೇಳಲಿಲ್ಲ. ಸಿಗಬಾರದು ಅಂತ ಹೋದವನನ್ನು ನನ್ನ ಗಂಡ ಇಪ್ಪತ್ತು ವರ್ಷ ಹುಡುಕಿದ, ಬಡಕೊಂಡು ಹುಡುಕಿದ, ಪ್ಯಾರಿಸ್ ತೋರಿಸದೆ ಹುಡುಕಿದ, ಮಗನನ್ನು ಕಳಕೊಂಡು ಹುಡುಕಿದ, ಥೂ ನಿನ್ನ, ನಿನ್ನ ಮನೆ ಹಾಳಾಗ, ನಿನ್ನ ಮನೆ ಅಂದರೆ ನಮ್ಮದೇ ಅಲ್ಲವೆ. ಅತ್ತಳು, ಆಲೂಗಡ್ಡೆ ಕಪ್ಪಾಯಿತು. ಅದೆಲಾರನಿಗೆ ಇದನ್ನು ಹೇಳಬೇಕಿತ್ತು, ಬದುಕಿದ್ದಾಗಲೇ ಹೊಳೆದಿದ್ದರೆ ಹೇಳುತ್ತಿದ್ದಳು, ಸಿಗೋದಿಲ್ಲ ಕಣೋ, ಬಾ ಊಟ ಮಾಡು ಅಂತ, ಅವನು ಏನನ್ನುತ್ತಿದ್ದ ಅಂತಲೂ ಗೊತ್ತು, ಬೇರೆ ಊರಿರಬೇಕು.

ಹಾಗಾದ ಮೇಲೆ ಸತ್ತವನ ಮಾತು ದೊಡ್ಡದೋ, ಬದುಕಿರುವ ಮಗ ದೊಡ್ಡವನೋ, ಎರಡು ತಿಂಗಳಿಂದ ಇದೇ, ಮಲಗಿದರೂ ಇದೇ, ಅತ್ತ ದರಿ ಇತ್ತ ಪುಲಿ, ಕೆಳಗೆ ಬಕೆಟ್ಟು ಗುಂಡಿಯ ತಳಕ್ಕೆ ಬಡಿದ ಸದ್ದು, ಒಂದು ಗಳಿಗೆ ತಳ ಕಂಡಿತು, ಹಳದಿ ಜೇಡಿ, ಆಮೇಲೆ ನೀರು ಬಂದು ಮುಚ್ಚಿತು, ಮತ್ತೆ ಆ ಆಳಕ್ಕೇ ನಿಂತಿತು. ಕ್ಲೆಮಾಂ, ಅಂದಳು, ತನ್ನ ದನಿ ತನಗೇ ಬೇರೆಯವರದ್ದು ಅನ್ನಿಸಿತು, ಲಾತುಲಿಪ್ ಅಂತಲೇ ಹಾಕಿಬಿಡು. ಅವನು ಕಿವಿಯಿಂದ ಸೀಮೆಸುಣ್ಣ ತೆಗೆದ, ಖಂಡಿತಾನಾ ಮದಾಮ್, ಇನ್ನೊಂದ್ಸಲ ಉಜ್ಜೋಕಾಗಲ್ಲ, ಉಜ್ಜಿದ್ರೆ ಕಲ್ಲು ಹಿಂದ್ಗಡೆಯಿಂದ ಬಿರುಕು ಬಿಡತ್ತೆ, ಗೊತ್ತಪ್ಪ, ಹಾಕು, ಅವನು ಕಬ್ಬಿಣದ ಬಾಗಿಲ ಕಡೆ ಕಣ್ಣು ಹಾಯಿಸಿದ, ಇಡೀ ಊರಿಗೆ ಗೊತ್ತು ಅವಳು ಯಾರಿಗೆ ಏನು ಮಾತು ಕೊಟ್ಟಿದ್ದಾಳೆ ಅಂತ, ಆದರೆ ಏನೂ ಅನ್ನದೆ ಬರೆಯತೊಡಗಿದ, ತಗ್ಗಿನ ನುಣುಪಿನ ಮೇಲೆ ಬಿಳಿ ಅಕ್ಷರಗಳು ಒಂದೊಂದಾಗಿ ಎದ್ದವು. ಕ್ಷಮಿಸು ಅದೆಲಾರ್, ನಿನಗೆ ಕೊಟ್ಟ ಮಾತಿಗೆ ತಪ್ಪಿದೆ, ಮಗ ಬರಬೇಕಲ್ಲ, ನಿನ್ನನ್ನು ಇಳಿಸಲು ಮಗ ಬರಬೇಕಲ್ಲ, ಕೈಗವಸು ತೆಗೆದು ಫೋನು ಒತ್ತಿದಳು, ಬೆರಳು ಮರಗಟ್ಟಿದ್ದವು, ಆ ಕಡೆ ಮೊದಲು ಮಗುವಿನ ಕಿರುಚಾಟ, ಆಮೇಲೆ ಅವನು, ಅಮ್ಮ. ರೆಯಾಲ್, ಕೇಳು, ಹಾಕಿಸ್ತಿದೀನಿ, ವಾಪಸ್ ಹಾಕಿಸ್ತಿದೀನಿ, ಲಾತುಲಿಪ್ ಅಂತಲೇ, ಕ್ಲೆಮಾಂ ಇಲ್ಲೇ ಬರೀತಿದಾನೆ, ನೀನು ಹೊರಟ್ರೆ ಪಾದ್ರಿ ಬರೋಷ್ಟ್ರಲ್ಲಿ ಬರಬಹುದು, ಇನ್ನೂ ನೀರು ಎತ್ತುತಾನೇ ಇದಾರೆ, ಹೊರಡಪ್ಪ. ಅವನು ಸೋಫಿಗೆ ಏನೋ ಹೇಳಿ ಮಗುವನ್ನು ಕೊಟ್ಟಿರಬೇಕು, ಕಿರುಚಾಟ ದೂರವಾಯಿತು. ಯಾರಿಗೋಸ್ಕರ ಹಾಕಿಸ್ತಿದೀಯ ಅಮ್ಮ. ನಿನಗೋಸ್ಕರ ಕಣೋ, ಮಗೂಗೋಸ್ಕರ. ಮಗು ಲಾತುಲಿಪ್ ಅಲ್ಲಮ್ಮ, ಅಂದ ಅವನು, ಕೋಪವಿಲ್ಲ, ಅದೇ ಹೆದರಿಕೆಯಾದದ್ದು, ಅವನಪ್ಪ ತಟ್ಟೆ ನೋಡುತ್ತ ಹೇಳಿದ ಅದೇ ಮೆತ್ತನೆ ದನಿ, ಸೋಫಿ ಮನೆ ಹೆಸರು ಇಟ್ವಿ, ನಾದೋ, ಜೂಲಿಯೆತ್ ನಾದೋ, ಈಗ ಹಾಗೂ ಇಡಬಹುದಲ್ಲ, ಆ ಕಲ್ಲು ನೋಡಿ ಬಂದ ಮೇಲೆ ನನ್ನ ಹತ್ರ ಕೊಡೋಕೆ ಏನಿತ್ತು ಹೇಳು, ಅಪ್ಪ ಶುರು ಮಾಡಿದ್ದನ್ನ ನಾನು ಮುಗಿಸ್ದೆ ಅಷ್ಟೆ.

ನಿಮ್ಮಪ್ಪನಿಗೆ ಗೊತ್ತಿತ್ತಾ. ಹೇಳಿದ್ದೆ, ಆಸ್ಪತ್ರೇಲಿ, ಆವತ್ತು. ಏನಂದ. ಏನಿಲ್ಲ, ಮಗು ಫೋಟೊ ಕೇಳ್ದ, ತೋರಿಸ್ದೆ, ತುಂಬಾ ಹೊತ್ತು ನೋಡ್ದ, ಯಾರ ಹಾಗಿದೆ ಅಂದ, ಸೋಫಿ ಹಾಗೆ ಅಂದೆ, ಒಳ್ಳೇದಾಯ್ತು ಬಿಡು ಅಂದ, ಆ ಕಡೆ ತಿರುಗಿ ಮಲಗ್ಬಿಟ್ಟ. ನೀನು ಬರ್ತೀಯಾ ಇವಾಗ. ಬೇಸಿಗೇಲಿ ಬರ್ತೀನಮ್ಮ, ಮಗೂನ ಕರ್ಕೊಂಡು, ನಿನ್ನ ನೋಡಕ್ಕೆ ಬರ್ತೀನಿ, ಆ ಕಲ್ಲಿನ ಹತ್ರಕ್ಕಲ್ಲ — ನಿನ್ನ ನೋಡಕ್ಕೆ, ಎಂದು ಎರಡು ಸಲ ಹೇಳಿದ, ಫೋನು ಇಟ್ಟ. ಅಂದರೆ ಆವತ್ತು, ಗೋಡೆಯ ಕಡೆಯಿಂದ ತಿರುಗಿ ಕೈ ಹಿಡಿದುಕೊಂಡಾಗ, ಅದೆಲಾರನಿಗೆ ಗೊತ್ತಿತ್ತು, ಹಿಂದೆ ಹೋದರೆ ಯಾರೂ ಇಲ್ಲ, ಮುಂದೆ ಹೋದರೂ ಯಾರೂ ಇಲ್ಲ, ನಡುವೆ ತಾನೊಬ್ಬನೇ ಕಲ್ಲು ಉಜ್ಜಿಸಿಕೊಂಡು ಮಲಗಿದ್ದೇನೆ ಅಂತ ಗೊತ್ತಿತ್ತು, ಗೊತ್ತಿದ್ದೂ ಒಂದು ಮಾತು ಹೇಳಲಿಲ್ಲ, ಐವತ್ತು ವರ್ಷ ಪಕ್ಕದಲ್ಲಿ ಮಲಗಿದವಳಿಗೆ ಹೇಳಲಿಲ್ಲ, ಆ ಸಿಪಾಯಿಯ ಹಾಗೇ ಬಾಯಿ ಬಿಗಿದುಕೊಂಡು ಹೋದ, ಏನಿಲ್ಲ ಅಂದ, ಅವಳು ಕೊಟ್ಟ ಮಾತನ್ನು ಮಾತ್ರ ಇಟ್ಟುಕೊಂಡ, ಅದನ್ನೂ ಅವಳು ಈಗ ತಾನೇ ಮುರಿದಳು, ಬರದ ಮಗನಿಗಾಗಿ, ಆ ಹೆಸರಿನದಲ್ಲದ ಮಗುವಿಗಾಗಿ. ಮದಾಮ್, ಮೆಷಿನ್ ಹಚ್ಚಲಾ, ಕ್ಲೆಮಾಂ ಕೇಳುತ್ತಿದ್ದಾನೆ, ಸೀಮೆಸುಣ್ಣದ ಬರಹದ ಪಕ್ಕ ಬೆರಳಿಟ್ಟುಕೊಂಡು, ಹಚ್ಚು ಅನ್ನಲೆ, ಯಾರಿಗಾಗಿ, ಬೇಡ ಅನ್ನಲೆ, ಯಾರಿಗಾಗಿ, ರಸ್ತೆಯಲ್ಲಿ ಪಾದ್ರಿಯ ಕಾರು ತಿರುಗುತ್ತಿದೆ, ಕಬ್ಬಿಣದ ಬಾಗಿಲು ತೆರೆಯಲು ಯಾರೋ ಹೋದರು, ಮದಾಮ್, ಏನ್ ಮಾಡ್ಲಿ, ಅವಳ ಕಣ್ಣು ಗುಂಡಿಯಲ್ಲಿದೆ, ಬಕೆಟ್ಟು ಇಳಿಯಿತು, ತುಂಬಿ ಮೇಲೆ ಬಂತು, ಚೆಲ್ಲಿದರು, ಹಳದಿ ಜೇಡಿ ಒಂದು ಗಳಿಗೆ ಕಂಡಿತು, ನೀರು ಬಂತು, ಬಕೆಟ್ಟು ಇಳಿಯಿತು, ತುಂಬಿ ಬಂತು, ನೀರು ಇದ್ದಲ್ಲೇ, ಬಕೆಟ್ಟು ಇಳಿಯಿತು, ನೀರು ಇದ್ದಲ್ಲೇ